ಸಮುರಾಯ್ ನುಂಗಿದ ಉಗುಳು

೨ ನವೆಂಬರ್ ೨೦೦೯, ಸೋಮವಾರ

ಪೊಲೀಸರು ಮತ್ತೆ ಬಂದಿದ್ದರು. ಸಬ್‌ಇನ್‌ಸ್ಪೆಕ್ಟರ್ ಆರಾಮಾಗಿ ಕೂತು ಅತ್ತೆ ಮಾಡಿದ ಚುರುಮುರಿ ತಿಂದ, ಚಹಾ ಕುಡಿದ, ಆಮೇಲೆ ನನ್ನ ಜೀವ ಬಾಯಿಗೆ ತಂದಿಟ್ಟು ಹೋದ. ಶೇಖರಣ್ಣನನ್ನು ಕೊಂದವನು ಸಿಕ್ಕಿದ್ದಾನಂತೆ. ನಾನು ಹೋಗಿ ಗುರುತು ಹಿಡಿಯಬೇಕಂತೆ.

ಮುಂಬೈ ಪಕ್ಕದ ಈ ಇಡೀ ಠಾಕುರ್ಲಿಯಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಇವರಿಗೆ? ಜಿರಲೆ ಕಂಡರೆ ಸ್ಟೂಲ್ ಹತ್ತುವವಳು ನಾನು. ಕಳೆದ ಬುಧವಾರ ಸಂಜೆ ಸ್ಟೇಷನ್ ರಸ್ತೆಯ ಶೇಖರಣ್ಣನ ಅಂಗಡಿಯಲ್ಲಿ ಗೋಳಿಬಜೆಗೆ ದುಡ್ಡು ಕೊಟ್ಟು ಪಾರ್ಸೆಲ್ ಕಾಯುತ್ತ ನಿಂತಿದ್ದೆ. ಒಬ್ಬ ಬಂದು, ಅಂಗಡಿ ಯಾವಾಗ ಖಾಲಿ ಮಾಡುತ್ತೀ ಎಂದು ಕೇಳಿದ. ಆ ಹಳೆಯ ಕಟ್ಟಡ ಒಡೆಯಲು ಬಿಲ್ಡರ್ ಕಾದು ಕೂತಿದ್ದಾನೆ, ಶೇಖರಣ್ಣ ಒಬ್ಬರೇ ಜಾಗ ಬಿಡುತ್ತಿಲ್ಲ, ಇದು ಓಣಿಗೆಲ್ಲ ಗೊತ್ತಿದ್ದ ವಿಷಯ. ಗಿರಾಕಿಗಳಿದ್ದಾರೆ, ನಾಳೆ ಬಾ ಎಂದರು ಶೇಖರಣ್ಣ, ಬಾಣಲೆಯಿಂದ ಕಣ್ಣೆತ್ತದೆ. ಅವನು ಷಟರ್ ಎಳೆಯುವ ಕಬ್ಬಿಣದ ಸರಳು ಕೈಗೆತ್ತಿಕೊಂಡು ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ.

ಅಂಗಡಿಯಲ್ಲಿದ್ದವರೆಲ್ಲ ಓಡಿದರು. ನಾನು ಓಡಲಿಲ್ಲ. ಓಡಲು ಕಾಲು ಬರಲಿಲ್ಲ, ಅಷ್ಟೆ. ಅವನು ತಿರುಗಿದಾಗ ಅವನ ಮುಖ ನನ್ನ ಮುಖಕ್ಕೆ ಎದುರಾಗಿಯೇ ಇತ್ತು. ಇದನ್ನು ಪೊಲೀಸರು ಧೈರ್ಯ ಎಂದು ತಿಳಿದುಕೊಂಡಿದ್ದಾರೆ.

ಟಿ.ವಿ.ಯಲ್ಲಿ ತೋರಿಸುವ ಹಾಗೆ ಗಾಜಿನ ಹಿಂದೆ ನಿಂತು ನೋಡುವುದಲ್ಲವೇ ಎಂದು ಕೇಳಿದೆ. ಸಬ್‌ಇನ್‌ಸ್ಪೆಕ್ಟರ್ ನಕ್ಕುಬಿಟ್ಟ. ಗಾಜೂ ಇಲ್ಲ, ಪರದೆಯೂ ಇಲ್ಲ. ಕಲ್ಯಾಣದ ಜೈಲಿನಲ್ಲಿ ಅವನನ್ನು ಅವನಂಥದೇ ಮೈಕಟ್ಟಿನ ಬೇರೆಯವರ ಜೊತೆ ಸಾಲಾಗಿ ನಿಲ್ಲಿಸುತ್ತಾರೆ. ನಾನು ಆ ಸಾಲಿನ ಮುಂದೆ ನಡೆದು, ಇವನೇ ಎಂದು ಅವನ ಮೈಮೇಲೆ ಕೈ ಇಡಬೇಕು. "ಹಾತ್ ಲಾವಾಯಚಾ, ಬಸ್. ಘಾಬರು ನಕಾ," ಎಂದ. ಕೈ ಮುಟ್ಟಿಸಿದರೆ ಆಯಿತಂತೆ, ಗಾಬರಿ ಬೇಡವಂತೆ.



೩ ನವೆಂಬರ್, ಮಂಗಳವಾರ

ಮನೆಯಲ್ಲಿದ್ದರೆ ತಲೆ ಕೆಡುತ್ತದೆ ಎಂದು ಕೆಲಸಕ್ಕೆ ಹೋದೆ. ಅಲ್ಲಿ ಕಾದಿದ್ದದ್ದು ಜಪಾನಿನ ಕತ್ತಿಯವರ ಸಿನಿಮಾ!

ಮಹಾಪೆಯ ನಮ್ಮ ಆಫೀಸಿನಲ್ಲಿ ವಿದೇಶಿ ಸಿನಿಮಾಗಳ ಡಿ.ವಿ.ಡಿ.ಗೆ ಸಬ್‌ಟೈಟಲ್ ಹಾಕುತ್ತಾರೆ. ಇಂಗ್ಲಿಷ್ ಸಾಲು ನೋಡಿ ಕನ್ನಡ ಸಾಲು ಬರೆಯುವವಳು ನಾನೊಬ್ಬಳೇ. ಧಾರವಾಡದಲ್ಲಿ ಮಾಡಿದ ಎಂ.ಎ. ಈ ಊರಿನಲ್ಲಿ ಅನ್ನ ಕೊಡುತ್ತಿರುವುದು ಹೀಗೆ. ಆ ಸಾಲುಗಳನ್ನು ಚಿತ್ರಕ್ಕೆ ಹೊಂದಿಸುವವನು ಸೂರಜ್. ಮಂಗಳೂರು ಕಡೆಯವನು, ಹುಟ್ಟಿದ್ದು ಡೊಂಬಿವಲಿಯಲ್ಲಿ. ಎರಡು ಮಕ್ಕಳ ತಂದೆಯಾದರೂ ಸಮುರಾಯ್ ಎಂದ ಕೂಡಲೇ ಕುರ್ಚಿಯಲ್ಲೇ ಕುಣಿಯುತ್ತಾನೆ.

ಕಥೆ ಇಷ್ಟು. ಒಡೆಯನಿಲ್ಲದ ಒಬ್ಬ ಸಮುರಾಯ್ ಸತ್ತ ಗೆಳೆಯನ ಬೂದಿಯ ಮಡಕೆಯನ್ನು ಗೆಳೆಯನ ತಾಯಿಗೆ ಮುಟ್ಟಿಸಲು ಹೊರಟಿದ್ದಾನೆ. ಆ ಗೆಳೆಯನನ್ನು ಕೊಂದ ಅಣ್ಣತಮ್ಮಂದಿರು ದೋಣಿಗಟ್ಟೆಯಲ್ಲಿ ದಾರಿ ಕಟ್ಟುತ್ತಾರೆ.

"ಮೇಡಮ್, ಎಂಟ್ರಿ ನೋಡಿ," ಎಂದ ಸೂರಜ್. "ಮ್ಯೂಸಿಕ್ ಇಲ್ಲ, ಸ್ಲೋ ಮೋಷನ್ ಇಲ್ಲ, ಫಿರ್ ಭೀ ಎಲ್ಲರೂ ಸೈಡ್ ಆಗ್ತಾರೆ. ಏಕ್‌ದಮ್ ಸಾಲಿಡ್! ಇದಕ್ಕೆ ಹೇಳೋದು ಡರ್ ಗೊತ್ತೇ ಇಲ್ಲದ ಆದ್ಮಿ ಅಂತ."

ಭಯವೇ ಗೊತ್ತಿಲ್ಲದವನು! ಹೊಟ್ಟೆ ಉರಿಯಿತು. ಅವನು ನಡೆದು ಬರುವುದನ್ನೇ ನೋಡುತ್ತಿದ್ದೆ. ಅವಸರವಿಲ್ಲ, ಅತ್ತಿತ್ತ ನೋಟವಿಲ್ಲ, ಬೆನ್ನು ತುರಿಸಿಕೊಳ್ಳುತ್ತಾನೆ. ನಾನಾದರೋ ಘಣಸೋಲಿ ಸ್ಟೇಷನ್ನಿನಿಂದ ರಿಕ್ಷಾ ಹತ್ತುವುದರೊಳಗೆ ಹತ್ತು ಸಲ ಹಿಂತಿರುಗಿ ನೋಡಿದೆ.

೫ ನವೆಂಬರ್, ಗುರುವಾರ

ಇವರು ಸಂಜೆ ಮನೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಶರ್ಟೂ ಬದಲಿಸದೆ ಕೂತರು. ಕೆಳಗೆ ಗೇಟಿನ ಹತ್ತಿರ ಒಬ್ಬ ನಿಂತಿದ್ದನಂತೆ, ಎರಡು ಕೈಯಲ್ಲಿ ಎರಡು ಮೊಬೈಲು. "ಕೈಲಾಸ್ ಸೇಠ್" ಎಂದು ಹೆಸರು ಹಿಡಿದೇ ಕರೆದನಂತೆ. "ಭಾಭೀ ಕಾ ಚಷ್ಮಾ ಬದಲ್‌ವಾ ದೋ" ಎಂದನಂತೆ. ನನ್ನ ಚಷ್ಮಾ ಬದಲಿಸಿಕೊಡಬೇಕಂತೆ, ಈ ವಯಸ್ಸಿನಲ್ಲಿ ಕಣ್ಣು ಮೋಸ ಮಾಡುತ್ತದಂತೆ. ನಾನು ಎಷ್ಟು ಹೊತ್ತಿಗೆ ಯಾವ ಲೋಕಲ್ ಹಿಡಿಯುತ್ತೇನೆ ಎನ್ನುವುದನ್ನೂ ಹೇಳಿದನಂತೆ, ನಗುತ್ತ.

"ಕಾಂಚನಾ, ನಾ ಹೇಳೂದ ಕೇಳು," ಎಂದರು ಇವರು. "ಸಂಜಿ ಹೊತ್ತಿತ್ತು, ಕಣ್ಣಿಗೆ ಚಷ್ಮಾ ಅದ, ಸರಿಯಾಗಿ ಕಾಣಲಿಲ್ಲ ಅಂದ್ಬಿಡು. ಮುಗೀತು. ನಮಗ್ಯಾಕ ಬೇಕ ಇದು?"

ಹೌದು, ನಮಗೇಕೆ ಬೇಕು. ಶೇಖರಣ್ಣ ನಮ್ಮ ಬಂಧುವಲ್ಲ, ಬಳಗವಲ್ಲ. ಕರಾವಳಿಯವರು, ನಾವು ಗದಗಿನವರು. ಕನ್ನಡ ಮಾತಾಡುತ್ತಾರೆಂದು ವಾರಕ್ಕೊಮ್ಮೆ ಗೋಳಿಬಜೆ ತರುತ್ತಿದ್ದೆ, ಅಷ್ಟೇ ಸಂಬಂಧ.

ಆಯಿತು ಎಂದೆ. ಹಾಗೆಯೇ ಹೇಳುತ್ತೇನೆ ಎಂದೆ.

೬ ನವೆಂಬರ್

ಜ್ವರ ಎಂದು ಆಫೀಸಿಗೆ ಫೋನ್ ಮಾಡಿಸಿದೆ. ಜ್ವರ ಇಲ್ಲ. ಬಾಗಿಲ ಬೆಲ್ ಆಯಿತು. ಕೊರಿಯರ್‌ನವನು. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು ಅತ್ತುಬಿಟ್ಟೆ.

೯ ನವೆಂಬರ್, ಸೋಮವಾರ

ಎಷ್ಟು ದಿನ ಮನೆಯಲ್ಲಿ ಕೂರುವುದು? ಹೋದೆ. ಠಾಣೆ ರೈಲು ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಎರಡು ಮೊಬೈಲು ಹಿಡಿದ ಪ್ರತಿಯೊಬ್ಬನೂ ಅವನೇ ಅನಿಸಿತು. ಈಗ ಯಾರ ಕೈಯಲ್ಲಿ ಎರಡು ಮೊಬೈಲು ಇಲ್ಲ?

ಕೆಲಸದಲ್ಲಿ ಒಂದು ತಮಾಷೆ ನೋಡಿದೆ. ಸಬ್‌ಟೈಟಲ್ ಎಂದರೆ ಎರಡೇ ಸಾಲು, ಅದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಈ ಸಿನಿಮಾದ ಖಳರ ಮಾತು ಎರಡು ಸಾಲಿಗೆ ಹಿಡಿಸುವುದೇ ಇಲ್ಲ. ನಾವು ಯಾರು ಗೊತ್ತೇ, ನಮ್ಮಪ್ಪ ಯಾರು ಗೊತ್ತೇ, ನಿನ್ನ ಚರ್ಮ ಸುಲಿಯುತ್ತೇವೆ, ಆಮೇಲೆ ಉಪ್ಪು ಹಾಕುತ್ತೇವೆ! ಅರ್ಧಕ್ಕರ್ಧ ಕತ್ತರಿಸಿ ಹಾಕಬೇಕಾಯಿತು. ಸಮುರಾಯ್ ಪಾಲಿಗೆ ಬಂದರೆ ಹಾಳೆ ಖಾಲಿ. ಎಲ್ಲೋ ಒಂದು ಕಡೆ "ಹ್ಞೂಂ" ಎನ್ನುತ್ತಾನೆ, ಅದಕ್ಕೆ ಸಾಲು ಹಾಕಬೇಕೋ ಬೇಡವೋ ಎಂದು ನಾನೂ ಸೂರಜ್ಜೂ ಊಟದ ಹೊತ್ತಿನ ತನಕ ಜಗಳಾಡಿದೆವು.

ಡಿ.ವಿ.ಡಿ. ಮನೆಗೂ ತಂದೆ. ಅತ್ತೆ ಈರವ್ವನವರು ಕಾಳು ಆರಿಸುತ್ತ ಜೊತೆಗೆ ನೋಡಿದರು. ಅಣ್ಣತಮ್ಮಂದಿರು ಸುತ್ತ ನಿಂತು ಕೂಗಾಡುತ್ತಿರುವಾಗ ನಮ್ಮವನು ಕೂತು ಬೇಯಿಸಿದ ಗೆಣಸು ಸುಲಿದು ತಿನ್ನುತ್ತಾನೆ.

"ಇಂವಾ ನಿಮ್ಮ ಮಾವನಂಗ ಅದಾನ ನೋಡವಾ," ಎಂದರು ಅತ್ತೆ. "ಊಟಕ್ಕ ಕುಂತ್ರ ಪೊಲೀಸ್ ಪಾಟೀಲ ಬಂದ್ರೂ ಎದ್ದವ್ರಲ್ಲ."

"ಮಾವ ಅಷ್ಟ ಧೈರ್ಯಸ್ಥರಿದ್ರೇನ್ರಿ?"

"ಧೈರ್ಯ ಎಲ್ಲೀದ? ಹಸದಿರ್ತಿದ್ರು."

ಬಹಳ ದಿನಗಳ ಮೇಲೆ ನಗು ಬಂತು. ಬಂದದ್ದು ನೋಡಿ ಮತ್ತೆ ಹೆದರಿಕೆಯಾಯಿತು.

೧೧ ನವೆಂಬರ್, ಬುಧವಾರ

ನವೆಂಬರಿನಲ್ಲಿ ಇಂಥ ಮಳೆ ನೋಡಿರಲಿಲ್ಲ. ಚಂಡಮಾರುತವಂತೆ. ಆಫೀಸು ಬೇಗ ಬಿಟ್ಟರು. ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತಿರುವಾಗ ಬೆಲ್ ಆಯಿತು. ಕಿಂಡಿಯಲ್ಲಿ ನೋಡಿದರೆ ಮೋಹಿನಿ, ಶೇಖರಣ್ಣನ ಹೆಂಡತಿ. ಕೊಡೆಯಿಂದ ನೀರು ಸುರಿಯುತ್ತಿತ್ತು, ಸೆರಗಿನ ಒಳಗೆ ಏನೋ ಇತ್ತು.

ಬಂದೇಬಿಟ್ಟಳು, ಈಗ ಕಾಲು ಹಿಡಿಯುತ್ತಾಳೆ, ಸಾಕ್ಷಿ ಹೇಳಿ ಎಂದು ಅಳುತ್ತಾಳೆ ಎಂದುಕೊಂಡೆ. ಏನು ಹೇಳಿ ತಪ್ಪಿಸಿಕೊಳ್ಳಲಿ ಎಂದು ಮನಸ್ಸಿನಲ್ಲೇ ಸಾಲು ಹೊಂದಿಸಿಕೊಂಡೆ. ಚಷ್ಮಾ, ಸಂಜೆ, ಕತ್ತಲೆ.

ಮೋಹಿನಿ ಒಳಗೂ ಬರಲಿಲ್ಲ. "ಅಕ್ಕ, ಅವತ್ತು ನೀವು ದುಡ್ಡು ಕೊಟ್ಟಿದ್ರಿ ಅಲ್ವಾ? ಪಾರ್ಸೆಲ್ ತಗೊಂಡು ಹೋಗ್ಲಿಕ್ಕೆ ಆಗ್ಲಿಲ್ಲ ನಿಮಗೆ," ಎಂದು ಒಂದು ಕಟ್ಟು ಕೈಗೆ ಕೊಟ್ಟಳು. ಬಿಸಿ ಇತ್ತು. "ನಿನ್ನೆ ಬೊಜ್ಜ ಮುಗೀತು. ಇವತ್ತು ಅಂಗಡಿ ಒಲೆ ಹಚ್ಚಿದೆ. ಮೊದಲು ನಿಮ್ಮದು ಕಟ್ಟಿದೆ. ಬಾಕಿ ಇಟ್ರೆ ಅವ್ರಿಗೆ ಆಗ್ತಿರ್ಲಿಲ್ಲ."

ಬೊಜ್ಜ ಎಂದರೆ ಅವರ ಕಡೆಯ ಉತ್ತರಕ್ರಿಯೆ. ನಿನ್ನೆ ಗಂಡನ ಬೊಜ್ಜ ಮುಗಿಸಿ ಇವತ್ತು ಅದೇ ಅಂಗಡಿಯಲ್ಲಿ, ಅವರು ಬಿದ್ದ ಜಾಗದಲ್ಲೇ ನಿಂತು ನನಗಾಗಿ ಗೋಳಿಬಜೆ ಕರಿದಿದ್ದಾಳೆ. ಪೊಲೀಸರ ಸುದ್ದಿ ಎತ್ತಲಿಲ್ಲ, ಜೈಲಿನ ಸುದ್ದಿ ಎತ್ತಲಿಲ್ಲ. "ಬರ್ತೇನೆ ಅಕ್ಕ, ಮಳೆ ಜೋರುಂಟು," ಎಂದು ಇಳಿದು ಹೋದಳು.

ಅತ್ತಿದ್ದರೆ, ಬೈದಿದ್ದರೆ ಚೆನ್ನಾಗಿತ್ತು. ಹೀಗೆ ಮಾಡಿಹೋದರೆ ನಾನು ಏನು ಮಾಡಲಿ? ಸಿಟ್ಟು ಬಂತು ಅವಳ ಮೇಲೆ. ಅತ್ತೆಯೂ ನಾನೂ ಒಂದೊಂದೇ ತಿಂದೆವು. ಇವರು ಮುಟ್ಟಲಿಲ್ಲ.

೧೩ ನವೆಂಬರ್, ಶುಕ್ರವಾರ

ಇವತ್ತು ಒಂದು ಮೋಸ ಬಯಲಾಯಿತು!

ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕೆಂದು ನೋಡಲು ಚಿತ್ರವನ್ನು ಚೂರುಚೂರೇ ಸರಿಸಬೇಕಾಗುತ್ತದೆ. ದೋಣಿಗಟ್ಟೆಯ ಹೊಡೆದಾಟದ ಮೊದಲು ದೊಡ್ಡಣ್ಣ ಹತ್ತಿರ ಬಂದು ಬೈಯುತ್ತಾನೆ. ಆ ಬೈಗುಳಕ್ಕೆ ಜಾಗ ಹೊಂದಿಸುತ್ತಿದ್ದೆ. ನಮ್ಮವನ ಮುಖ ದೊಡ್ಡದಾಗಿ ಪರದೆಯ ತುಂಬ ಇತ್ತು. ಕಲ್ಲಿನಂತೆ ಕೂತಿದ್ದಾನೆ, ಕಣ್ಣು ಮಿಟುಕಿಸುವುದಿಲ್ಲ. ಒಂದು ಚೂರು ಸರಿಸಿದೆ, ಇನ್ನೊಂದು ಸರಿಸಿದೆ. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂತು. ಉಗುಳು ನುಂಗಿದ!

ಇಷ್ಟು ದಿನ ಓಡುವ ಚಿತ್ರದಲ್ಲಿ ಅದು ಕಂಡೇ ಇರಲಿಲ್ಲ. ಸೂರಜ್‌ನನ್ನು ಕರೆದು ತೋರಿಸಿದೆ. ಅವನ ಮುಖ ಸಪ್ಪಗಾಯಿತು. "ನಹೀ ಮೇಡಮ್, ಆ್ಯಕ್ಟರ್‌ಗೆ ಬಾಯಲ್ಲಿ ಏನೋ ಬಂದಿರ್ಬೇಕು," ಎಂದ. ನಾನು ಮತ್ತೆ ಹಿಂದಕ್ಕೆ ಸರಿಸಿದೆ. ನುಂಗುವ ಮೊದಲು ಉಸಿರು ಹಿಡಿದಿದ್ದಾನೆ. ನುಂಗಿದ ಮೇಲೆ ನಿಧಾನ ಬಿಡುತ್ತಾನೆ. ಆಮೇಲೆ ಎದ್ದು ನಿಲ್ಲುತ್ತಾನೆ.

"ಅಂದ್ರೆ ಇವನೂ ಡರ್‌ಪೋಕ್ ಅಂತೀರಾ?"

"ಹೆದರ್ಯಾನ," ಎಂದೆ. "ನನಗ ಗೊತ್ತದ ಅದು ಹೆಂಗಿರ್ತದ ಅಂತ."

ಇಂಥವನನ್ನು ಭಯವೇ ಗೊತ್ತಿಲ್ಲದವನೆಂದು ನಂಬಿ ಹೊಟ್ಟೆ ಉರಿಸಿಕೊಂಡಿದ್ದೆನಲ್ಲ ಎಂದು ಸಿಟ್ಟು ಬಂತು. ಆದರೂ ಸಂಜೆಯ ತನಕ ಅದನ್ನೇ ಮತ್ತೆ ಮತ್ತೆ ಸರಿಸಿ ನೋಡಿದೆ. ಮುಂದಿನ ಸಾಲುಗಳು ಹಾಗೇ ಉಳಿದವು. ಇನ್ನೂ ಬಹಳ ಕೆಲಸವಿದೆ.

೧೬ ನವೆಂಬರ್, ಸೋಮವಾರ

ಅವನು ಬಂದ. ನನ್ನ ಹತ್ತಿರವೇ ಬಂದ.

ಬೆಳಿಗ್ಗೆ ಠಾಕುರ್ಲಿ ಪ್ಲಾಟ್‌ಫಾರ್ಮಿನಲ್ಲಿ ಲೇಡೀಸ್ ಡಬ್ಬ ನಿಲ್ಲುವ ಕಡೆ ನಿಂತಿದ್ದೆ. ಪಕ್ಕದಲ್ಲಿ ಎರಡು ಮೊಬೈಲಿನವನು. ನಾನು ಪೂರಾ ತಣ್ಣಗಾದೆ. ಮಾತು ಶುರು ಮಾಡಿದ, ಸಣ್ಣ ದನಿಯಲ್ಲಿ, ಬಹಳ ಮರ್ಯಾದೆಯಿಂದ. ಭಾಭೀಜಿ, ಶನಿವಾರ ನಿಮ್ಮನ್ನು ಕಲ್ಯಾಣಕ್ಕೆ ಕರೆಯುತ್ತಾರೆ. ನಮ್ಮ ಹುಡುಗ ಒಳ್ಳೆಯವನು. ನಿಮ್ಮ ಅತ್ತೆಗೆ ಬಿ.ಪಿ. ಇದೆಯಂತೆ. ರೈಲ್ವೆ ಹಳಿಯ ಪಕ್ಕದ ಊರು ಇದು, ದಿನವೂ ಯಾರೋ ಬೀಳುತ್ತಾರೆ. ನಿಮ್ಮ ಯಜಮಾನರು ಸಾಧು ಮನುಷ್ಯ. ನಾವೂ ಸಂಸಾರಸ್ಥರು. ಹೇಳಿದ, ಹೇಳಿದ, ಹೇಳುತ್ತಲೇ ಇದ್ದ.

ಹೆದರಿಕೆಯಲ್ಲಿ ತಲೆ ಎಲ್ಲೆಲ್ಲೋ ಹೋಗುತ್ತದೆ. ಈ ಮನುಷ್ಯನ ಮಾತು ಎರಡು ಸಾಲಿಗೆ ಹಿಡಿಸುವುದಿಲ್ಲ ಎಂದುಕೊಂಡೆ. ಮೊದಲು ಅತ್ತೆಯ ಬಿ.ಪಿ. ತೆಗೆದೆ. ಸಂಸಾರಸ್ಥರು ತೆಗೆದೆ. ಒಳ್ಳೆಯ ಹುಡುಗ ತೆಗೆದೆ. ಉಳಿದದ್ದು ಒಂದೇ ಮಾತು, ಹೋಗಬೇಡ ಎಂದು.

"ಸಮಝ್ ಗಯೀ ನಾ?" ಎಂದ.

"ಹ್ಞೂಂ," ಎಂದೆ. ಬಾಯಿಂದ ಅಷ್ಟೇ ಹೊರಟದ್ದು.

"ಹ್ಞೂಂ ಮತಲಬ್? ಜಾಯೇಂಗೀ ಕಿ ನಹೀ?"

ಹೋಗುತ್ತೇನೋ ಇಲ್ಲವೋ ಹೇಳಬೇಕಂತೆ. ಅವನ ಮುಖ ನೋಡುತ್ತ ನಿಂತಿದ್ದೆ. ಅವನ ಒಂದು ಮೊಬೈಲು ರಿಂಗಾಯಿತು, ಎತ್ತಲಿಲ್ಲ. ಅವನ ದನಿ ಏರಿತು. ಅಕ್ಕಪಕ್ಕದ ಹೆಂಗಸರು ತಿರುಗಿದರು. ಗಾಡಿ ಬಂತು, ಹತ್ತಿದೆ. ಡಬ್ಬದೊಳಗೆ ಮೀನಿನ ಬುಟ್ಟಿಯವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ. ಅವಳು ನೀರು ಕೊಟ್ಟಳು. ಗಟ್ಟಿಯಾಗಿ ನಾಲ್ಕು ಮಾತು ಹೇಳಲಾಗಲಿಲ್ಲವಲ್ಲ, ನನ್ನಂಥ ಪುಕ್ಕಲಿ ಈ ಊರಿನಲ್ಲಿ ಇನ್ನೊಬ್ಬಳಿಲ್ಲ.

೧೮ ನವೆಂಬರ್, ಬುಧವಾರ

ಇವರು ಟಿಕೆಟ್ ತಂದಿದ್ದಾರೆ. ಶುಕ್ರವಾರ ಸಂಜೆ ಕಲ್ಯಾಣದಿಂದ ನಾನೂ ಅತ್ತೆಯೂ ಗದಗಿಗೆ. ಶನಿವಾರ ಪೊಲೀಸರು ಬಂದು ಕೇಳಿದರೆ ಊರಲ್ಲಿ ಯಾರಿಗೋ ಸೀರಿಯಸ್ ಎಂದು ಹೇಳುತ್ತಾರಂತೆ. ಮುಂಬೈ ಕಡೆ ಕಷ್ಟ ಬಂದಾಗ ನಮ್ಮವರೆಲ್ಲ ಮಾಡುವುದು ಇದನ್ನೇ, ಗಂಟು ಕಟ್ಟು, ಊರಿಗೆ ಹೋಗು.

"ನಿನಗ ಏನಾರ ಆದ್ರ ನಾ ಏನ ಮಾಡ್ಲಿ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇದನ್ನು ನೋಡಿರಲಿಲ್ಲ. ಪಾಪ ಅನಿಸಿತು.

ಎದೆ ಹಗುರಾಯಿತು. ಖಂಡಿತ ಹಗುರಾಯಿತು. ಸೀರೆ ತೆಗೆದಿಟ್ಟೆ, ತಂಗಿಯ ಮಕ್ಕಳಿಗೆ ಚಿಕ್ಕಿ ತಂದೆ. ಶುಕ್ರವಾರ ಮಧ್ಯಾಹ್ನವೇ ಆಫೀಸಿನಿಂದ ಹೊರಟು ನೇರ ಕಲ್ಯಾಣಕ್ಕೆ ಬರುತ್ತೇನೆಂದು ಹೇಳಿದೆ. ಇವರು ಅತ್ತೆಯನ್ನೂ ಚೀಲಗಳನ್ನೂ ತರುತ್ತಾರೆ.

೨೦ ನವೆಂಬರ್, ಶುಕ್ರವಾರ

ಗಾಡಿ ತಪ್ಪಿತು. ತಪ್ಪು ನನ್ನದೇ.

ಸಿನಿಮಾದ ಕೊನೆಯ ಒಂದು ಸಾಲು ಉಳಿದಿತ್ತು. ಎಲ್ಲ ಮುಗಿದ ಮೇಲೆ ಸಮುರಾಯ್ ಮಡಕೆಯನ್ನು ಗೆಳೆಯನ ತಾಯಿಯ ಮುಂದೆ ಇಟ್ಟು ಒಂದು ಮಾತು ಹೇಳುತ್ತಾನೆ. ಇಂಗ್ಲಿಷಿನಲ್ಲಿ ಎರಡು ಪದ. "ನಿಮ್ಮ ಮಗನನ್ನು ತಂದಿದ್ದೇನೆ" ಎಂದು ಬರೆದೆ, ತಾನು ತಂದೆ ಎಂಬ ಜಂಬ ಕಂಡಿತು. "ಕೊಟ್ಟ ಮಾತು ನಡೆಸಿದ್ದೇನೆ" ಎಂದು ಬರೆದೆ, ಥೂ, ನಾಟಕದ ಮಾತು. ಇವನು ಹಾಗೆಲ್ಲ ಹೇಳುವವನಲ್ಲ. ಬರೆದೆ, ಅಳಿಸಿದೆ.

"ಮೇಡಮ್, ಇದು ಸೋಮವಾರ ಕೊಟ್ರೂ ಚಲ್ತಾ ಹೈ," ಎಂದ ಸೂರಜ್. "ನಿಮ್ಮ ಗಾಡಿ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಹೊರಡುತ್ತೇನೆ ಎಂದೆ. ಕಡೆಗೆ "ಮನೆಗೆ ಬಂದ" ಎಂದು ಬರೆದು ತಲೆ ಎತ್ತಿದಾಗ ಹೊರಗೆ ದೀಪ ಹತ್ತಿದ್ದವು. ಗಡಿಯಾರದ ಕಡೆ ನೋಡಲೇ ಇಲ್ಲ. ಇಂಥ ಬೇಜವಾಬ್ದಾರಿ ನಾನು ಎಂದೂ ಮಾಡಿದವಳಲ್ಲ.

ಕಲ್ಯಾಣ ತಲುಪುವಷ್ಟರಲ್ಲಿ ಪ್ಲಾಟ್‌ಫಾರ್ಮು ಖಾಲಿ. ಇವರು ಸಿಟ್ಟಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಅತ್ತೆ ಚೀಲದ ಮೇಲೆ ಕೂತಿದ್ದರು. "ಗೊತ್ತಿದ್ದೂ ಹಿಂಗ ಮಾಡೀಯಲ್ಲ!" ಎಂದು ಇವರು ಜನರ ಎದುರೇ ಕೂಗಿದರು. ಬೇಕೆಂದು ಮಾಡಿದ್ದಲ್ಲ ಎಂದು ಎಷ್ಟು ಹೇಳಿದರೂ ನಂಬುತ್ತಿಲ್ಲ.

"ತಪ್ಪಿದ್ರ ತಪ್ಪಲಿ ಬಿಡೋ," ಎಂದರು ಅತ್ತೆ, ಮೊಣಕಾಲು ಹಿಡಿದು ಏಳುತ್ತ. "ಮನೀಗೆ ಹೋಗಿ ಅನ್ನಾ ಮಾಡೂಣು."

ನಾಳೆ ಹನ್ನೊಂದು ಗಂಟೆಗೆ ಜೈಲಿಗೆ ಬರಬೇಕೆಂದು ಪೊಲೀಸರು ಹೇಳಿದ್ದಾರೆ.

೨೧ ನವೆಂಬರ್, ಶನಿವಾರ

ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮಲಗಲಾರೆ.

ಇವರು ಜೈಲಿನ ಗೇಟಿನ ತನಕ ಬಂದರು. ಗೇಟಿನಲ್ಲಿ, "ಕತ್ತಲಿತ್ತು ಅಂದ್ರ ಆತು," ಎಂದರು. ಹೂಂ ಎಂದೆ. ಹಾಗೆ ಹೇಳುವುದೆಂದೇ ಒಳಗೆ ಹೋದೆ.

ಒಳಗೆ ಪೊಲೀಸರು ಇರುವಂತಿಲ್ಲವಂತೆ. ಒಬ್ಬ ವಯಸ್ಸಾದ ಮ್ಯಾಜಿಸ್ಟ್ರೇಟರು, ಸಾಕ್ಷಿಗೆಂದು ಕರೆಸಿದ ಪಂಚರಿಬ್ಬರು. ಉದ್ದನೆಯ ಕೋಣೆ, ಗೋಡೆಯ ಕಡೆ ಬೆನ್ನು ಮಾಡಿ ಗಂಡಸರ ಸಾಲು. ಎಲ್ಲರದೂ ಒಂದೇ ಎತ್ತರ, ಒಂದೇ ಬಣ್ಣ. ಶೇಖರಣ್ಣನನ್ನು ಕೊಂದವನ ಹುಬ್ಬಿನ ಮೇಲೆ ಗಾಯದ ಗುರುತಿತ್ತು, ಅದು ಕಾಣಬಾರದೆಂದು ಎಲ್ಲರ ಹುಬ್ಬಿನ ಮೇಲೂ ಬಿಳಿ ಪಟ್ಟಿ ಅಂಟಿಸಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಎಲ್ಲರನ್ನೂ ಸಾವಕಾಶ ನೋಡಿ," ಎಂದು ಮ್ಯಾಜಿಸ್ಟ್ರೇಟರು ಮರಾಠಿಯಲ್ಲಿ ಹೇಳಿದರು. "ಗುರುತು ಸಿಕ್ಕರೆ ಕೈ ಇಡಿ. ಸಿಗದಿದ್ದರೆ ಇಲ್ಲ ಎಂದು ಹೇಳಿ, ಏನೂ ತಪ್ಪಿಲ್ಲ."

ಒಂದು ತುದಿಯಿಂದ ನಡೆದೆ. ಮೂರನೆಯ ಮುಖ ಅವನದೇ. ಮೀಸೆ ಬೋಳಿಸಿದ್ದ. ಮೀಸೆ ಬೋಳಿಸಿದರೆ ಕಣ್ಣು ಬದಲಾಗುತ್ತದೆಯೇ? ಆದರೆ ಎಲ್ಲರನ್ನೂ ನೋಡಿ ಎಂದಿದ್ದರಲ್ಲ, ಅದಕ್ಕೆ ಮುಂದೆ ಹೋದೆ. ನಾನು ದಾಟಿದ ಕೂಡಲೇ ಅವನು ಉಸಿರು ಬಿಟ್ಟದ್ದು ಕೇಳಿಸಿತು. ಆ ತುದಿಯ ತನಕ ಒಬ್ಬೊಬ್ಬರನ್ನೂ ನೋಡಿದೆ. ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ತಿರುಗಿ ಬಂದೆ. ಏಕೆ ಬಂದೆನೋ ಗೊತ್ತಿಲ್ಲ.

ಅವನ ಹೆಗಲ ಮೇಲೆ ಕೈ ಇಟ್ಟೆ. ಕೈ ಗಡಗಡ ನಡುಗಿತು. ನಾಚಿಕೆಯಾಯಿತು, ಇಷ್ಟು ಜನರ ಮುಂದೆ ಹೀಗೆ ನಡುಗುತ್ತೇನಲ್ಲ ಎಂದು ಕೈ ತೆಗೆದುಕೊಂಡೆ. ಕೈ ತೆಗೆದ ಮೇಲೂ ಅವನ ಹೆಗಲು ನಡುಗುತ್ತಲೇ ಇತ್ತು.

"ಹಾಚ್ ಕಾ?" ಎಂದರು ಮ್ಯಾಜಿಸ್ಟ್ರೇಟರು. ಇವನೇನಾ?

"ಇವನೇ."

"ನಿಮ್ಮ ಹೆಸರು, ವಿಳಾಸ ಬರೆದುಕೊಳ್ಳಬೇಕು. ಹೊರಗೆ ಬಂದು ಹೇಳಿದರೂ..." ಎಂದು ಅವರು ಹೇಳುತ್ತಿರುವಾಗಲೇ ನಾನು ಶುರು ಮಾಡಿಬಿಟ್ಟಿದ್ದೆ. ಕಾಂಚನಾ ಕೈಲಾಸ ಹೂಗಾರ. ಕಟ್ಟಡದ ಹೆಸರು. ಬಿ ವಿಂಗ್. ಮೂರನೆಯ ಮಾಳಿಗೆ. ಮೆಟ್ಟಿಲ ಎದುರಿನ ಬಾಗಿಲು. ಠಾಕುರ್ಲಿ ಪೂರ್ವ. ಎಲ್ಲ ಅವನ ಮುಖ ನೋಡುತ್ತಲೇ ಹೇಳಿದೆ. ಪಂಚರಲ್ಲೊಬ್ಬ ತಲೆ ಚಚ್ಚಿಕೊಂಡ. ಕೊಂದವನು ನೆಲ ನೋಡುತ್ತಿದ್ದ, ಮತ್ತೆ ತಲೆ ಎತ್ತಲಿಲ್ಲ.

ಹೆದರಿಕೆಯಲ್ಲಿ ಬಾಯಿ ತಪ್ಪಿತು, ಬೇರೇನಲ್ಲ. ಮಾಡಬಾರದ ದಡ್ಡತನ.

ಹೊರಗೆ ಬಂದು ಇವರಿಗೆ ಹೇಳಿದೆ. ಇವರು ಗೇಟಿನ ಗೋಡೆ ಹಿಡಿದುಕೊಂಡರು.

"ಮನಿ ಪತ್ತಾ ಅವನ ಮುಂದ ಯಾಕ ಹೇಳಿದಿ, ಕಾಂಚನಾ?"

"ಕೇಳಿದ್ರು. ಹೇಳಿದೆ."